ಅಕ್ಕನ ಕುಂಡದಲ್ಲಿ ಭಾವನ ಗಿಡ

ನಮ್ಮ ಮನೆಯಲ್ಲಿ ಯಾರಾದರೂ ‘ಎಣ್ಣೆ ಭಾವ’ ಎಂದರೆ ಹೊಸದಾಗಿ ಪರಿಚಯವಾದವರು ಮುಖ ಸಣ್ಣದು ಮಾಡಿಕೊಂಡು, “ಅಯ್ಯೋ, ಎಷ್ಟು ವರ್ಷದಿಂದ?” ಎಂದು ಕೇಳುತ್ತಾರೆ. ಅಕ್ಕನ ಗಂಡ ಆ ಎಣ್ಣೆಯನ್ನು ಮೂಸಿಯೂ ನೋಡಿದವರಲ್ಲ. ಅವರದು ಬೀಜದ ಎಣ್ಣೆ. ಊರ ಹೊರಗಿನ ಸಸ್ಯ ಸಂಶೋಧನಾಲಯವೊಂದರಲ್ಲಿ ಗಾಜಿನ ಮನೆಯ ಉಸ್ತುವಾರಿ. ಗಿಡಗಳಿಗೆ ನೀರು, ಬೆಳಕು, ಗಾಳಿ ಎಲ್ಲವನ್ನೂ ಅಳೆದು ಕೊಡಬೇಕು. ಹೂ ಬಿಟ್ಟಾಗ ಒಂದರ ಪರಾಗ ಇನ್ನೊಂದಕ್ಕೆ ತಾಗದಂತೆ ತೆನೆಗೆ ಕಾಗದದ ಚೀಲ ಕಟ್ಟಬೇಕು. ಕಾಯಿ ಒಣಗಿದಾಗ ಬಿಡಿಸಿ, ಒಂದು ಬೀಜವೂ ನೆಲಕ್ಕೆ ಬೀಳದಂತೆ ಎತ್ತಿಡಬೇಕು. ಆ ಗಿಡ ಸಾಸಿವೆಯ ದಾಯಾದಿ. ಅದರ ಬೀಜ ಸಾಸಿವೆಗಿಂತ ಸಣ್ಣದು. ‘ಸಾಸಿವೆಯಷ್ಟು’ ಎಂಬ ಮಾತನ್ನು ನಾವೆಲ್ಲ ಸಣ್ಣದಕ್ಕೆ ಬಳಸುತ್ತೇವೆ, ಭಾವ ದೊಡ್ಡದಕ್ಕೆ ಬಳಸುತ್ತಾರೆ.

ಸಂಶೋಧನಾಲಯದವರು ವರ್ಷಕ್ಕೊಮ್ಮೆ ಹೊರಗಿನವರಿಗೆ ಬಾಗಿಲು ತೆರೆಯುತ್ತಾರೆ. ಆ ದಿನ ಮಾತ್ರ ಅಲ್ಲಿಯವರಿಗೆ ಕೆಲಸದ ವಿಷಯ ಆಡಲು ಅಪ್ಪಣೆ. ಅಂಥ ಒಂದು ದಿನ ನಾನೂ ಹೋಗಿದ್ದೆ. ಅಕ್ಕ ಬರಲಿಲ್ಲ. “ಮನೇಲಿ ಬಾಯಿ ಬಿಡದವರ ಭಾಷಣ ಕೇಳೋಕೆ ನಾನು ಬಸ್ಸು ಹತ್ತಬೇಕಾ?” ಎಂದಿದ್ದಳು.

ಗಾಜಿನ ಮನೆಯೊಳಗೆ ಕಂಡವರು ನಮ್ಮ ಭಾವನೇ ಅಲ್ಲ. ಬಿಳಿ ಕೋಟು ತೊಟ್ಟು, ಕೈ ಬೀಸಿ, ಜೋಕು ಹಾರಿಸಿ, ಅಲ್ಲಿಯ ಸಂಶೋಧಕ ಹುಡುಗಿಯರಿಂದ “ಅಣ್ಣಾ, ಸಾಕು, ಹೊಟ್ಟೆ ನೋಯ್ತಿದೆ” ಅನ್ನಿಸಿಕೊಳ್ಳುತ್ತಿದ್ದ ಮನುಷ್ಯ. ನನಗೂ ಪಾಠ ಶುರುವಾಯಿತು.

“ನೋಡು ನಾದಿನಿ, ಮೀನೆಣ್ಣೆಯಲ್ಲಿ ಒಂದು ಒಳ್ಳೇ ಕೊಬ್ಬು ಇರುತ್ತಲ್ಲ, ಹೃದಯಕ್ಕೆ ಬೇಕು ಅಂತಾರಲ್ಲ, ಅದನ್ನ ಮೀನಿಲ್ಲದೆ ಬೀಜದಿಂದಲೇ ತೆಗೀಬೇಕು ಅನ್ನೋದು ನಮ್ಮ ಆಸೆ. ಅದಕ್ಕೆ ಕಡಲಿನ ಪಾಚಿಯ ಜೀನುಗಳನ್ನ ಈ ಗಿಡಕ್ಕೆ ಸೇರಿಸಿದೀವಿ. ಎಲೆ, ಬೇರು, ಹೂವು ಎಲ್ಲದರಲ್ಲೂ ಅವು ಇವೆ. ಆದರೆ ಎಲೆಯೂ ಎಣ್ಣೆ ಮಾಡ್ತೀನಿ ಅಂತ ಕೂತ್ರೆ ಗಿಡ ಬೆಳೆಯೋದು ಯಾವಾಗ? ಅದಕ್ಕೇ ಜೀನಿನ ಮುಂದೆ ಒಂದು ಸ್ವಿಚ್ ಇಟ್ಟಿದೀವಿ. ಬೀಜದೊಳಗೆ ಮಾತ್ರ ಆನ್. ಉಳಿದ ಕಡೆ ಬಾಯಿಗೆ ಬೀಗ.”

“ನಿಮ್ಮ ಹಾಗೇ ಅನ್ನಿ.”

“ನನ್ನ ಹಾಗೆ ಹೇಗೆ?”

“ಇಲ್ಲಿ ಆನ್, ಮನೇಲಿ ಆಫ್.”

ಹುಡುಗಿಯರು ನಕ್ಕರು. ಭಾವನೂ ನಕ್ಕರು, ಆದರೆ ಅರ್ಧಕ್ಕೇ ನಿಲ್ಲಿಸಿದರು. ವಿಜ್ಞಾನದವರು ಜೀನು ಮಾತಾಡುವುದಕ್ಕೆ ‘ಅಭಿವ್ಯಕ್ತಿ’ ಎನ್ನುತ್ತಾರಂತೆ. ಮನೆಯೊಳಗಿನ ಭಾವಾಭಿವ್ಯಕ್ತಿಯ ಮಟ್ಟಿಗೆ ನಮ್ಮ ಭಾವ ಅಪ್ಪಟ ಜೀನರು.

ಮದುವೆಯ ಹೊಸದರಲ್ಲಿ ಹೀಗಿರಲಿಲ್ಲ. ಊಟಕ್ಕೆ ಕೂತರೆ ಮೊಳಕೆ, ಮಲಗಿದರೆ ಪರಾಗ. ಅಕ್ಕ ಆಕಳಿಸುತ್ತಿದ್ದಳು, ಮುಚ್ಚಿಟ್ಟುಕೊಂಡೂ ಅಲ್ಲ, ಬಾಯಿ ತೆರೆದೇ. ಅಷ್ಟರಲ್ಲಿ ಈ ಹೊಸ ಗಿಡಗಳ ಕೆಲಸ ಶುರುವಾಯಿತು. ಇಲ್ಲಿಯ ವಿಷಯ ಹೊರಗೆ ಆಡುವುದಿಲ್ಲ ಎಂದು ಎಲ್ಲರಿಂದ ಸಹಿ ಮಾಡಿಸಿಕೊಂಡರು. ಉಳಿದವರು ಸಹಿ ಹಾಕಿ ಮರೆತರು. ಭಾವ ಸಹಿ ಹಾಕಿ ಪಾಲಿಸಿದರು. ಕೆಲಸದ ಮಾತು ನಿಂತಿತು. ಕೆಲಸ ಬಿಟ್ಟರೆ ಅವರಲ್ಲಿ ಬೇರೆ ಮಾತಿನ ದಾಸ್ತಾನು ಇರಲಿಲ್ಲವಾಗಿ ಮಾತೇ ನಿಂತಿತು. ‘ಹೂಂ’, ‘ಸರಿ’, ‘ಆಮೇಲೆ’ ಎಂಬ ಬಂಡವಾಳದಲ್ಲಿ ಸಂಸಾರ ನಡೆದುಕೊಂಡು ಬಂತು. ಅಕ್ಕ ತನ್ನ ಮಾತುಗಳನ್ನೆಲ್ಲ ಬಾಲ್ಕನಿಯ ಕುಂಡಗಳಿಗೆ ಎರೆಯತೊಡಗಿದಳು. ಟೊಮ್ಯಾಟೊ, ಪುದೀನ, ಗುಲಾಬಿ, ಹೆಸರೇ ಇಲ್ಲದ ಬಳ್ಳಿಗಳು. ಬಾಲ್ಕನಿಯಲ್ಲಿ ಕುರ್ಚಿ ಹಾಕಲು ಜಾಗವಿರಲಿಲ್ಲ, ಕುಂಡಗಳ ಅಪ್ಪಣೆ ಪಡೆದು ನಿಲ್ಲಬೇಕಿತ್ತು.

ಆ ಗಿಡಗಳ ಹಿಂದೆ ಭಾವನ ಅರ್ಧ ಆಯುಷ್ಯವಿತ್ತು. ಮೊದಲ ಸಲ ಕೂರಿಸಿದ ಸ್ವಿಚ್ಚು ಸೋರುತ್ತಿತ್ತು. ಎಲೆಯಲ್ಲೂ ಆನ್ ಆಗಿ, ಗಿಡಗಳು ಗೇಣುದ್ದಕ್ಕೆ ನಿಂತು, ಹಳದಿ ತಿರುಗಿ ಸತ್ತವು. ಎರಡನೆಯ ಸಲವೂ ಅದೇ ಹಾಡು. ಆಮೇಲೆ ಬೇರೆ ಸ್ವಿಚ್ಚು ಹಾಕಿದಾಗ ಒಂದೇ ಒಂದು ಗಿಡ ನೆಟ್ಟಗೆ ನಿಂತಿತು. ಅದರ ಎಲೆ ಹಸಿರು, ಅದರ ಬೀಜದಲ್ಲಿ ಮೀನೆಣ್ಣೆಯ ಗುಣ. ಆ ಒಂದು ಗಿಡವನ್ನು ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿ, ಬೀಜ ಮಾಡಿ, ಬೀಜವನ್ನು ಮತ್ತೆ ಗಿಡ ಮಾಡಿ, ಈ ಸಲ ಗಾಜಿನ ಮನೆ ತುಂಬ ಬೆಳೆಸಿದ್ದರು. ಕಾಯಿ ಬಲಿಯುತ್ತಿತ್ತು. ಒಣಗಿದೊಡನೆ ಮೊದಲ ಬಾರಿಗೆ ಲೀಟರುಗಟ್ಟಲೆ ಎಣ್ಣೆ ಹಿಂಡಿ ಪರೀಕ್ಷೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಭಾವ ಮುಂದಿನ ವರ್ಷ ನಿವೃತ್ತರಾಗುವವರು. ಆ ಎಣ್ಣೆಯನ್ನು ಒಂದು ಸಲ ಕಣ್ಣಾರೆ ನೋಡಿ ಹೋಗಬೇಕೆಂಬುದು ಅವರ ಆಸೆ. ಅದನ್ನೂ ಮನೆಯಲ್ಲಿ ಹೇಳಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಇದೆಯಲ್ಲ, ಭಾವನದು ಅದರ ಉಲ್ಟಾ. ಎಣ್ಣೆ ಬರುವ ಹೊತ್ತಿಗೆ ಅವರ ಕಣ್ಣು ತೆರೆಯಿತು.

ಅದು ರಜೆಯ ಬೆಳಿಗ್ಗೆ. ಚಹಾದ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದವರು ಟೊಮ್ಯಾಟೊ ಕುಂಡದ ಮುಂದೆ ಬಗ್ಗಿದರು. ಟೊಮ್ಯಾಟೊದ ಪಕ್ಕದಲ್ಲಿ ತೆಳ್ಳಗಿನ ಗಿಡವೊಂದು ಮೊಣಕಾಲೆತ್ತರ ಬೆಳೆದು, ತುದಿಯಲ್ಲಿ ಚಿಕ್ಕ ಚಿಕ್ಕ ಹಳದಿ ಹೂ ಬಿಟ್ಟಿತ್ತು. ತೊಟ್ಟಿಲ್ಲದ ಎಲೆಗಳು ಕಾಂಡವನ್ನು ತಬ್ಬಿಕೊಂಡಂತಿದ್ದವು.

“ಇದು ಯಾವಾಗ ಬಂತು?”

ಗಂಡ ತಾನಾಗಿ ಒಂದು ಇಡೀ ವಾಕ್ಯ ಆಡಿದ್ದು ಕೇಳಿ ಅಕ್ಕ ಒಲೆ ಸಣ್ಣ ಮಾಡಿ ಓಡಿಬಂದಳು.

“ಯಾವುದು?”

“ಈ... ಹಳದಿ.”

“ತಾನಾಗೇ ಬಂತು. ಕರೀದೇ ಬಂದ ನೆಂಟ. ಚೆನ್ನಾಗಿದೆ ಅಲ್ವಾ?”

“ಹೂಂ,” ಎಂದರು ಭಾವ. ಚಹಾ ಆರಿತು. ಅವರು ಕುಡಿಯಲಿಲ್ಲ.

ಗಾಜಿನ ಮನೆಯಿಂದ ಹೊರಬರುವಾಗ ಪ್ಯಾಂಟಿನ ಕಾಲು ಕೊಡವಬೇಕು, ಮಡಿಕೆ ಇರುವ ಪ್ಯಾಂಟು ಹಾಕಿಕೊಂಡು ಬರಲೇಬಾರದು ಎಂಬುದು ಅಲ್ಲಿಯ ನಿಯಮ. ಹೊಸದಾಗಿ ಸೇರಿದವರಿಗೆ ಅದನ್ನು ಹೇಳಿಕೊಡುವವರೇ ಭಾವ. ಆದರೆ ಹಿಂದಿನ ವರ್ಷ ಅಕ್ಕ ತಂದ ರೆಡಿಮೇಡ್ ಪ್ಯಾಂಟುಗಳು ಉದ್ದವಾಗಿದ್ದವು. “ಒಳ್ಳೇ ಬಟ್ಟೆ, ಕತ್ತರಿಸಬೇಡಿ” ಎಂದು ಅವಳು ಹೇಳಿದ್ದಕ್ಕೆ ಕೆಳಗಿನ ಅಂಗಡಿಯ ಟೈಲರು ಹೊರಗೆ ಮಡಚಿ ಹೊಲಿದುಕೊಟ್ಟಿದ್ದ. ಇನ್ನೊಬ್ಬರ ಕಾಲು ನೋಡುತ್ತ ನಿಂತವರಿಗೆ ತಮ್ಮ ಕಾಲು ಕಾಣಲಿಲ್ಲ. ಮನೆಯಲ್ಲಿ ಅಕ್ಕನಿಗೂ ಒಂದು ಶಿಸ್ತು. ಬಟ್ಟೆ ಒಗೆಯುವ ಮೊದಲು ಬಾಲ್ಕನಿಯ ಕಂಬಿಗೆ ಬಡಿದು ಧೂಳು ಕೊಡವುತ್ತಾಳೆ. ಕಂಬಿಯ ಕೆಳಗೇ ಕುಂಡಗಳು. ಇವರ ಅಶಿಸ್ತು, ಅವಳ ಶಿಸ್ತು, ಎರಡೂ ಸೇರಿ ಬಿತ್ತನೆಯಾಗಿತ್ತು.

ಆಗಿತ್ತೋ ಇಲ್ಲವೋ, ಅದೇ ಪ್ರಶ್ನೆ. ಆ ಜಾತಿಯ ಮಾಮೂಲಿ ಗಿಡ ಕಳೆಯ ಹಾಗೆ ಎಲ್ಲಿ ಬೇಕಾದರೂ ಬರುತ್ತದೆ. ನೋಡಲು ಎರಡೂ ಒಂದೇ. ಲ್ಯಾಬಿನ ಗಿಡಕ್ಕೆ ಗುರುತಿಗೆಂದು ಇನ್ನೊಂದು ಜೀನು ಸೇರಿಸಿದ್ದರು. ಹಸಿರು ದೀಪ ಹಿಡಿದು ಕೆಂಪು ಕನ್ನಡಕದಲ್ಲಿ ನೋಡಿದರೆ ಅದರ ಬೀಜ ಕೆಂಡದ ಹಾಗೆ ಹೊಳೆಯುತ್ತದೆ. ಆದರೆ ಅದಕ್ಕೂ ಅದೇ ಸ್ವಿಚ್ಚು, ಬೀಜದಲ್ಲಿ ಮಾತ್ರ ಆನ್. ಎಲೆಗೆ, ಹೂವಿಗೆ ಎಷ್ಟು ದೀಪ ಹಿಡಿದರೂ ಏನೂ ತಿಳಿಯದು. ಎಲೆಯನ್ನು ಅರೆದು ಒಳಗಿನ ಜೀನನ್ನೇ ಓದುವ ಯಂತ್ರವೂ ಲ್ಯಾಬಿನಲ್ಲಿತ್ತು. ಅದು ಬೇರೆಯವರ ಕೈಯಲ್ಲಿತ್ತು, ಅವರು ಮೊದಲು ಕೇಳುವುದೇ “ಅಣ್ಣಾ, ಇದು ಎಲ್ಲಿಂದ ತಂದ ಎಲೆ?” ಎಂದು.

ಹೇಳಿದರೆ ಏನಾಗುತ್ತದೆಂಬುದು ಭಾವನಿಗೆ ಬಾಯಿಪಾಠ. ಗಿಡ ಹೊರಗೆ ಹೋಗಿದೆ ಎಂದು ತಿಳಿದ ದಿನ ಗಾಜಿನ ಮನೆಗೆ ಬೀಗ. ಒಳಗಿರುವುದನ್ನೆಲ್ಲ ಹಬೆಯಲ್ಲಿ ಬೇಯಿಸಿ ಕೊಲ್ಲಬೇಕು. ಆ ಬೆಳೆ ಹೋಗುತ್ತದೆ, ಎಣ್ಣೆ ಹೋಗುತ್ತದೆ, ಹುಡುಗಿಯರ ಪದವಿ ಒಂದೆರಡು ವರ್ಷ ಹಿಂದೆ ಬೀಳುತ್ತದೆ. ಸುಮ್ಮನೆ ಕಿತ್ತು ಬಿಸಾಡಿದರೆ? ಆಗ ಅದು ಲ್ಯಾಬಿನ ಗಿಡವೇ ಎಂದು ಎಂದಿಗೂ ತಿಳಿಯದು. ಒಂದು ಬಂದಿದ್ದರೆ ಇನ್ನೆಷ್ಟು ಬಂದಿವೆಯೋ ಅದೂ ತಿಳಿಯದು. ಬೀಜ ಕಟ್ಟುವವರೆಗೆ ಕಾದು ದೀಪ ಹಿಡಿಯೋಣವೆಂದರೆ, ಹೊರಗೆ ಬೀಜ ಕಟ್ಟಲು ಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ದೊಡ್ಡ ತಪ್ಪನ್ನೇ ಭಾವ ಆರಿಸಿಕೊಂಡರು. ಅದಕ್ಕೆ ‘ಖಾತ್ರಿ ಮಾಡಿಕೊಳ್ಳುವುದು’ ಎಂದು ತಮ್ಮೊಳಗೇ ಹೆಸರಿಟ್ಟುಕೊಂಡರು. ಲ್ಯಾಬಿನಿಂದ ಕಾಗದದ ಚೀಲ ತಂದು ತೆನೆಗೆ ಕಟ್ಟಿದರು. ಕೈದೀಪ, ಕನ್ನಡಕವನ್ನು ಕೇಳದೆ ಊಟದ ಚೀಲದಲ್ಲಿ ಹಾಕಿಕೊಂಡು ಬಂದು ಮಂಚದ ಕೆಳಗಿಟ್ಟರು.

“ಇದೇನ್ರೀ, ಗಿಡಕ್ಕೆ ಮುಸುಕು?”

“ಹುಳ.”

“ನಾನು ದಿನಾ ನೋಡ್ತೀನಿ, ಒಂದು ಹುಳ ಇಲ್ಲ.”

“ಬರುತ್ತೆ.”

ಅಲ್ಲಿಂದ ಮುಂದೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ. ಗಾಜಿನ ಮನೆಯಲ್ಲಿ ಯಾರಾದರೂ “ಅಣ್ಣಾ” ಎಂದರೆ ಬೆಚ್ಚುವರು. ಜೋಕು ನಿಂತಿತು. ಸಂಶೋಧನೆಯ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ಅವರು ಒಂದು ದಿನ, “ಏನಣ್ಣ, ಮನೇಲಿ ಎಲ್ಲ ಸರಿ ಇದೆಯಾ?” ಎಂದು ವಿಚಾರಿಸಿದಾಗ ಭಾವ “ಹೂಂ” ಎಂದರಂತೆ. ಅದುವರೆಗೆ ಆ ‘ಹೂಂ’ ನಮ್ಮ ಮನೆಯ ಆಸ್ತಿಯಾಗಿತ್ತು. ಅಂದು ಲ್ಯಾಬಿಗೂ ಹೋಯಿತು. ಸ್ವಿಚ್ಚು ಎರಡೂ ಕಡೆ ಆಫ್.

ಹೂ ಹೋಗಿ ಕಾಯಿ ಕಚ್ಚಿತು. ಒಂದು ಸಂಜೆ ಭಾವ ಕೆಲಸದಿಂದ ಬಂದು ನೇರ ಬಾಲ್ಕನಿಗೆ ಹೋದರೆ ಚೀಲ ಕುಂಡದ ಪಕ್ಕ ಬಿದ್ದಿದೆ, ತೆನೆ ಗಾಳಿಗೆ ತಲೆಯಾಡಿಸುತ್ತಿದೆ.

“ಯಾರು ಬಿಚ್ಚಿದ್ದು ಇದನ್ನ?”

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಕೂಗಿದ್ದು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

“ನಾನೇ. ಪಾಪ, ಅದಕ್ಕೆ ಉಸಿರು ಕಟ್ತಿತ್ತು. ನನಗೂ ಕಟ್ತಿದೆ, ನೀವು ಯಾವತ್ತಾದ್ರೂ ಕೇಳಿದೀರಾ? ಒಂದು ಗಿಡಕ್ಕೆ ಇಷ್ಟು ಜೋರು! ನನಗೆ ಜ್ವರ ಬಂದಾಗ ‘ಆಮೇಲೆ’ ಅಂದವರು!”

“ನನಗೆ ಅದರ ಬೀಜ ಬೇಕಿತ್ತು ಕಣೆ.”

“ಬೀಜ ಬೇಕಾದ್ರೆ ಬಾಯಿ ಬಿಟ್ಟು ಕೇಳಬಾರದಾ? ಹೋದ ವರ್ಷದ್ದೇ ಇದೆ.”

ಭಾವ ಕಂಬಿ ಹಿಡಿದುಕೊಂಡರು.

“ಹೋದ ವರ್ಷ?”

“ಹೋದ ವರ್ಷವೂ ಬಂದಿತ್ತಲ್ಲ, ಪುದೀನ ಕುಂಡದಲ್ಲಿ. ನಿಮ್ಮ ಕಣ್ಣಿಗೆ ಬೀಳಬೇಕಲ್ಲ! ಹೂವು ಚೆನ್ನಾಗಿತ್ತು ಅಂತ ಬೀಜ ತೆಗೆದಿಟ್ಟೆ.”

ಅಡುಗೆಮನೆಯ ಮೇಲಿನ ಹಲಗೆಯಿಂದ ಒಂದು ಪುಟ್ಟ ಡಬ್ಬಿ ಬಂತು. ಭಾವ ಮಂಚದ ಕೆಳಗಿನಿಂದ ದೀಪ, ಕನ್ನಡಕ ತೆಗೆದರು. ಮನೆಯಲ್ಲಿ ಕತ್ತಲೆ ಸಿಗುವ ಜಾಗ ಬಚ್ಚಲು ಒಂದೇ. ಒಂದು ತಟ್ಟೆಗೆ ಬೀಜ ಸುರಿದು, ಬಾಗಿಲು ಮುಚ್ಚಿ, ಗಂಡ ಹೆಂಡತಿ ಇಬ್ಬರೂ ಒಳಗೆ ನಿಂತರು. ಭಾವ ನೋಡಿದರು. ಕನ್ನಡಕ ತೆಗೆದು ಅಕ್ಕನ ಮೂಗಿನ ಮೇಲೆ ಇಟ್ಟರು.

“ಅಯ್ಯಯ್ಯೋ, ತಟ್ಟೆಗೆ ಬೆಂಕಿ ಬಿದ್ದ ಹಾಗಿದೆ!” ಎಂದಳು ಅಕ್ಕ. “ಎಷ್ಟು ಚೆಂದ ಇದೆ ರೀ! ಏನಿದು?”

“ನಮ್ಮದು.”

“ನಮ್ಮದೇ ಅಲ್ವಾ, ನಮ್ಮ ಕುಂಡದ್ದು.”

“ಹಾಗಲ್ಲ. ಲ್ಯಾಬಿಂದು.”

ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಭಾವ ಹೇಳಿದರು. ಪಾಚಿಯ ಜೀನು, ಸೋರಿದ ಸ್ವಿಚ್ಚು, ಉಳಿದ ಒಂದು ಗಿಡ, ಬರಬೇಕಾದ ಎಣ್ಣೆ, ಪ್ಯಾಂಟಿನ ಮಡಿಕೆ ಎಲ್ಲವನ್ನೂ. ಈ ಸಲ ಅಕ್ಕ ಆಕಳಿಸಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಮಾತ್ರ ಬಿಗಿಯುತ್ತ ಹೋಯಿತು.

“ಮೊದಲೇ ಹೇಳಿದ್ರೆ ಪ್ಯಾಂಟನ್ನ ಬಾಲ್ಕನೀಲಿ ಕೊಡವ್ತಿದ್ನಾ ನಾನು?”

“ಹೇಳಬಾರದಿತ್ತು. ಸಹಿ ಹಾಕಿದ್ದೆ.”

“ಏನು ಬೆಳೀತೀರಿ ಅಂತ ಹೇಳಬಾರದು, ಸರಿ. ಪ್ಯಾಂಟು ಕೊಡವಬೇಡ ಅಂತ ಹೆಂಡತಿಗೆ ಹೇಳಬಾರದು ಅಂತಲೂ ಬರೆದಿತ್ತಾ ಅದರಲ್ಲಿ?”

ಭಾವನ ಬಳಿ ಇದ್ದದ್ದು ‘ಹೂಂ’. ಅದು ಈ ಪ್ರಶ್ನೆಗೆ ಹೊಂದುವಂತಿರಲಿಲ್ಲ.

ಅಕ್ಕನೇ ಮೊದಲು ಎದ್ದಳು. ಸಿಟ್ಟು ಒಂದು ಕಡೆ, ಗಂಡನ ಕೆಲಸ ಒಂದು ಕಡೆ. “ದೊಡ್ಡ ಪಾತ್ರೇಲಿ ನೀರು ಕುದಿಸ್ತೀನಿ. ಗಿಡ, ಬೀಜ, ಎಲ್ಲ ಹಾಕಿ ಬೇಯಿಸಿಬಿಡೋಣ. ಅಲ್ಲಿ ಮಾಡೋದೂ ಅದನ್ನೇ ತಾನೆ? ಯಾರಿಗೆ ಗೊತ್ತಾಗುತ್ತೆ? ನೀವು ನಿಮ್ಮ ಎಣ್ಣೆ ನೋಡಿ ನಿವೃತ್ತಿ ಆಗಿ.”

ಭಾವ ಒಪ್ಪಿದ್ದರು. ಇದನ್ನು ಅವರೇ ನನಗೆ ಹೇಳಿದರು: “ಸುಳ್ಳು ಯಾಕೆ ಹೇಳಲಿ, ನಾನು ಪಾತ್ರೆ ಎತ್ತಿ ಕೊಟ್ಟೆ.” ನೀರು ಕುದಿಯಲು ಶುರುವಾಗಿತ್ತು. ಆಗ ಅಕ್ಕ ಕೈಯಲ್ಲಿದ್ದ ಮುಚ್ಚಳವನ್ನು ಹಾಗೇ ಹಿಡಿದು ನಿಂತಳು.

“ಏನ್ರೀ... ಟೈಲರಿಗೂ ಒಂದು ಚಿಟಿಕೆ ಕೊಟ್ಟಿದ್ದೆ.”

ಒಲೆ ಆರಿಸಿ ಇಬ್ಬರೂ ಮೆಟ್ಟಿಲಿಳಿದರು. ಟೈಲರು ಅಂಗಡಿ ಮುಚ್ಚುವ ತಯಾರಿಯಲ್ಲಿದ್ದ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವನು ಭಾವನನ್ನು ನೋಡಿ ಎದ್ದು ನಿಂತ.

“ಬನ್ನಿ ಸಾರ್, ಬನ್ನಿ. ಸಾರ್ ಅಂಗಡಿಗೆ ಬಂದ್ರು ಅಂದ್ರೆ ಏನೋ ಹರಿದಿದೆ ಅಂತ ಅರ್ಥ!”

“ನಿಮಗೆ ಕೊಟ್ಟಿದ್ದೆನಲ್ಲ, ಹಳದಿ ಹೂವಿನ ಬೀಜ,” ಎಂದಳು ಅಕ್ಕ. “ಹಾಕಿದ್ರಾ?”

“ಹಾಕಿದ್ನಲ್ಲಕ್ಕಾ, ಕಿಟಕಿ ಹತ್ರ ಡಬ್ಬದಲ್ಲಿ. ಜೋರಾಗಿ ಬಂತು. ನನ್ನ ಕೈಗುಣ ಅಂತ ಹೆಂಡತಿಗೆಲ್ಲ ಹೇಳಿದ್ದೆ. ಆಮೇಲೆ ಒಣಗಿ ಕಡ್ಡಿ ಆಯ್ತು.”

“ಕಾಯಿ ಬಿಟ್ಟಿತ್ತಾ?” ಭಾವ ಕೇಳಿದರು.

“ಗೊಂಚಲು ಗೊಂಚಲು ಸಾರ್. ಬಟ್ಟೆ ಮೇಲೆ ಕಸ ಬೀಳುತ್ತೆ ಅಂತ ಹಿಂದಿನ ಖಾಲಿ ಜಾಗಕ್ಕೆ ಎಸೆದೆ.” ಇಬ್ಬರ ಮುಖವನ್ನೂ ನೋಡಿದ. “ಯಾಕೆ ಸಾರ್, ವಾಪಸ್ಸು ಬೇಕಿತ್ತಾ?”

ಹಿಂದಿನ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಬೇಕೆಂದು ತಳಪಾಯ ತೋಡಿ ಬಿಟ್ಟಿದ್ದರು. ಆ ತಿಂಗಳು ಅಲ್ಲಿ ಹಳದಿ ಹೂವಿಗೆ ಬರವಿರಲಿಲ್ಲ. ನಾಲ್ಕಾರು ಜಾತಿಯ ಕಳೆಗಳು ಸೊಂಟದೆತ್ತರ ನಿಂತು ತೂಗುತ್ತಿದ್ದವು. ಭಾವ ಗೋಡೆಯ ಮೇಲಿಂದ ಬಹಳ ಹೊತ್ತು ನೋಡಿದರು. ಅಷ್ಟನ್ನೂ ಬೇಯಿಸುವ ಪಾತ್ರೆ ಅಕ್ಕನ ಬಳಿ ಇರಲಿಲ್ಲ.

ಬೆಳಿಗ್ಗೆ ಭಾವ ಗಿಡವನ್ನು ಬೇರುಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಡಾಕ್ಟರಮ್ಮ ಇನ್ನೂ ಕೋಣೆಯ ಬೀಗ ತೆಗೆಯುತ್ತಿದ್ದರು. ಭಾವ ಹಿಂದೆಯೇ ಒಳಗೆ ಹೋಗಿ, ಅವರು ಕೂತೊಡನೆ ಚೀಲವನ್ನು ಮೇಜಿನ ಮೇಲಿಟ್ಟು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದರು. ಕೇಳದೆ ಒಯ್ದ ದೀಪದ ಸಂಗತಿಯನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಕೂತಿದ್ದವರು ಎದ್ದರು, ಎದ್ದವರು ಮತ್ತೆ ಕೂತರು.

“ಮೊದಲು ನೋಡಿದ ದಿನವೇ ಯಾಕೆ ಹೇಳಲಿಲ್ಲ?”

“ನಮ್ಮದಲ್ಲದೆ ಇರಬಹುದು ಅಂತ...”

“ಅಣ್ಣ, ನೀವು ಆ ಗಿಡವನ್ನ ಮೊಳಕೆಯಿಂದ ಸಾಕಿದವರು. ನೋಡಿದ ತಕ್ಷಣ ಗೊತ್ತಾಗಿತ್ತು ನಿಮಗೆ.”

ಭಾವ ಜೇಬಿನಿಂದ ಡಬ್ಬಿ ತೆಗೆದು ಚೀಲದ ಪಕ್ಕ ಇಟ್ಟರು.

“ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ,” ಎಂದರು ಡಾಕ್ಟರಮ್ಮ. “ಅದನ್ನ ನೆನೆಸಿಕೊಂಡ್ರೆ ಭಯ ಆಗುತ್ತೆ. ಗೊತ್ತಾಯ್ತಲ್ಲ ಅಂತಲೂ ಹೊಟ್ಟೆ ಉರೀತಿದೆ. ಇನ್ನು ಎರಡು ವಾರ ಅಣ್ಣ, ಎರಡೇ ವಾರ ಆಗಿದ್ರೆ ಎಣ್ಣೆ ಬರ್ತಿತ್ತು.” ಆಮೇಲೆ ಫೋನಿಗೆ ಕೈ ಹಾಕಿದರು. ಕೇಳಿಸಿಕೊಂಡ ಮೇಲೆ ಕೇಳಿಸಿಕೊಂಡಿಲ್ಲ ಎನ್ನುವ ಜಾತಿಯವರಲ್ಲ ಅವರು. ಹಾಗೆಂದು ಫೋನನ್ನು ಕಿವಿಗೆ ಇಡಲು ಅವಸರವನ್ನೂ ಮಾಡಲಿಲ್ಲ.

ಇಂಥ ಗಿಡಗಳ ಮೇಲೆ ಕಣ್ಣಿಡುವ ಸರ್ಕಾರಿ ತಪಾಸಣೆಯವರು ಬಂದರು. ಗಾಜಿನ ಮನೆ ಬರಿದು ಮಾಡುವ ದಿನ ಸಾಲುಗಳನ್ನು ಗುರುತಿಸಲು ಭಾವನನ್ನೇ ಕರೆದರು. ಬಲಿತ ಕಾಯಿಯ ತೆನೆಗಳನ್ನು ಅವರೇ ಕತ್ತರಿಸಿ, ದಪ್ಪ ಚೀಲಗಳಿಗೆ ತುಂಬಿ, ಹಬೆಯ ಯಂತ್ರದೊಳಗೆ ಒತ್ತಿದರು. ಮುಚ್ಚಳ ತೆಗೆದಾಗ ಬೆಂದ ಸೊಪ್ಪಿನ ವಾಸನೆ ಭಗ್ಗನೆ ಹಬ್ಬಲಿಲ್ಲ. ಮೆಲ್ಲಗೆ ಬಂದು ಬಟ್ಟೆಗೆಲ್ಲ ಅಂಟಿತು. ಮೂಲ ಬೀಜದ ಪೊಟ್ಟಣಗಳು ಶೀತಪೆಟ್ಟಿಗೆಯಲ್ಲಿ ಉಳಿದವು, ಮೇಲೆ ಮುದ್ರೆ ಒತ್ತಿ. ಮತ್ತೆ ಬಿತ್ತಬಹುದೇ ಎಂಬುದನ್ನು ತಪಾಸಣೆಯವರ ಸಮಿತಿ ನಿಧಾನವಾಗಿ ತೀರ್ಮಾನಿಸುತ್ತದೆ. ಸಮಿತಿಗಳಿಗೆ ನಿವೃತ್ತಿಯ ವಯಸ್ಸಿಲ್ಲ. ಹೊಟ್ಟೆ ನೋಯುವಷ್ಟು ನಗುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಚೀಲ ಎತ್ತಿ ಕೊಡುತ್ತಿದ್ದಳು. ಅವಳು ಇಡೀ ದಿನ “ಅಣ್ಣಾ” ಎನ್ನಲಿಲ್ಲ. “ಇದು ಹಿಡೀರಿ”, “ಅದು ಕೊಡಿ” ಎಂದಳು. ಭಾವನಿಗೆ ಅಂದು ತಗಲಿದ ಬಿಸಿ ಹಬೆಯದಲ್ಲ.

ಗಾಜಿನ ಮನೆಯ ಬೀಗದ ಕೈ ಅವರಿಂದ ಹೋಯಿತು. ಉಳಿದ ತಿಂಗಳುಗಳಿಗೆ ಖಾಲಿ ಕುಂಡ, ಗೊಬ್ಬರದ ಮೂಟೆ ಇಡುವ ಕೋಣೆಯಲ್ಲಿ ಕುರ್ಚಿ ಕೊಟ್ಟರು.

ಅಕ್ಕನ ಬಾಲ್ಕನಿಯೂ ಖಾಲಿಯಾಯಿತು. ಬಿಳಿ ಉಡುಪಿನವರು ಟೊಮ್ಯಾಟೊ, ಗುಲಾಬಿ, ಪುದೀನ ಎಂದು ಭೇದ ಮಾಡದೆ ಮಣ್ಣು ಸಹಿತ ಎಲ್ಲವನ್ನೂ ಹೊತ್ತೊಯ್ದರು. ಟೈಲರನ ಡಬ್ಬವೂ ಹೋಯಿತು. ಅಕ್ಕಪಕ್ಕದವರು ಅಕ್ಕನ ಪಕ್ಕ ನಿಲ್ಲುವುದನ್ನು ಬಿಟ್ಟರು. “ನಿಮ್ಮ ಮನೆಯ ವಿಷದ ಗಿಡ” ಎಂದು ಮೇಲಿನ ಮಹಡಿಯಾಕೆ ಅಂದಾಗ ಅಕ್ಕ, “ವಿಷ ಅಲ್ಲ, ಎಣ್ಣೆ” ಎಂದಳು. ಆಕೆ, “ಎರಡೂ ಒಂದೇ” ಎಂದು ಬಾಗಿಲು ಹಾಕಿಕೊಂಡಳು. ಟೈಲರು ಮಾತ್ರ ಮೊದಲಿನಂತೆಯೇ ಇದ್ದ. “ಸಾರ್, ಇನ್ನು ಮೇಲೆ ನಿಮ್ಮ ಪ್ಯಾಂಟು ಮಡಚಲ್ಲ, ಕತ್ತರಿಸಿಯೇ ಬಿಡ್ತೀನಿ” ಎಂದ. ಭಾವ ನಗಲು ಪ್ರಯತ್ನಪಟ್ಟರು.

ಅಕ್ಕ ಗಂಡನೊಡನೆ ಮಾತು ಬಿಟ್ಟಳು. ಈಗ ಮನೆಯಲ್ಲಿ ‘ಹೂಂ’ ಅನ್ನುವ ಸರದಿ ಅವಳದು. ಭಾವನೋ ದಿನವೂ ಏನಾದರೊಂದು ಹೇಳಲು ನೋಡುತ್ತಿದ್ದರು. ಗೊಬ್ಬರದ ಕೋಣೆಯ ಇಲಿ, ಬಸ್ಸಿನ ಜಗಳ, ಏನೇನೋ. ಇಷ್ಟು ಕಾಲ ಆಡದೆ ಇಟ್ಟ ಮಾತು ತುಕ್ಕು ಹಿಡಿದಿತ್ತು. ಎಲ್ಲಿಂದ ಶುರು ಮಾಡಿದರೂ ನಡುವೆ ಕಚ್ಚಿಕೊಳ್ಳುತ್ತಿತ್ತು.

ಖಾಲಿ ಜಾಗದ ಕಳೆಯನ್ನು ತಪಾಸಣೆಯವರು ಒಮ್ಮೆ ಪೂರ್ತಿ ಸವರಿದ್ದರು. ಆದರೆ ಮಣ್ಣಿನಲ್ಲಿ ಬಿದ್ದ ಬೀಜ ಮತ್ತೆ ಎದ್ದೀತು. ಅದನ್ನು ವಾರವಾರವೂ ನೋಡಿ ಕೀಳುವ ಕೆಲಸ ಭಾವನ ಪಾಲಿಗೆ ಬಂತು. ಬಂದದ್ದಲ್ಲ, ಅವರೇ ಕೇಳಿ ಪಡೆದದ್ದು. ರಜೆಯ ದಿನ ಬೆಳಿಗ್ಗೆ ಚೀಲ ಹಿಡಿದು ಹೋಗಿ ಕುಕ್ಕರುಗಾಲಲ್ಲಿ ಕೂತು, ಮೊಳಕೆ ಮೊಳಕೆಯನ್ನೂ ಕನ್ನಡಕ ಏರಿಸಿ ನೋಡುತ್ತಿದ್ದರು. ಬಿಸಿಲೇರಿದ ಮೇಲೆ ಸೊಂಟ ಹಿಡಿದು ಮೇಲೆ ಬರುತ್ತಿದ್ದರು. ಮಹಡಿಗಳ ಕಿಟಕಿಗಳಲ್ಲಿ ಜನ ನಿಂತು ನೋಡುತ್ತಿದ್ದರು.

ಮಳೆ ಬಂದು ಬಿಟ್ಟ ಮೇಲಿನ ಒಂದು ಬೆಳಿಗ್ಗೆ ಮಹಡಿಯಾಕೆ ಕಿಟಕಿಯಿಂದ, “ಹುಡುಕಿ, ಹುಡುಕಿ. ಬಿತ್ತಿದವರೇ ಹುಡುಕಬೇಕು” ಎಂದಳು. ಅಕ್ಕ ಬರಿದಾದ ಬಾಲ್ಕನಿಯಲ್ಲಿ ನಿಂತು ಅದನ್ನು ಕೇಳಿದಳು. ಸೆರಗು ಸಿಕ್ಕಿಸಿಕೊಂಡು ದಡದಡ ಇಳಿದು ಹೋದಳು. ಭಾವನಿಂದ ಮಾರು ದೂರದಲ್ಲಿ ಕುಕ್ಕರಿಸಿದಳು.

“ಹೇಗಿರುತ್ತೆ ಅದು ಸಣ್ಣದಿದ್ದಾಗ?”

ಭಾವ ಚಕಿತರಾಗಿ ನೋಡಿದರು. ಹೇಳಿಕೊಡಲು ಬಾಯಿ ತೆರೆದು, ಒಂದೆರಡು ಸಲ ತಡವರಿಸಿ, ಕೊನೆಗೆ ಕೈಯಲ್ಲೇ ತೋರಿಸಿದರು. “ಎಲೆಗೆ ತೊಟ್ಟಿರಲ್ಲ. ಕಾಂಡವನ್ನ ಹೀಗೆ ಹಿಡ್ಕೊಂಡಿರುತ್ತೆ. ಅಂಚು ನುಣ್ಣಗೆ, ಮೇಲೆ ಸ್ವಲ್ಪ ರೋಮ.”

“ಇದಾ?”

“ಅಲ್ಲ.”

“ಇದು?”

“ಅದೂ ಅಲ್ಲ. ಅದು ಬರೀ ಕಳೆ.”

ಇಬ್ಬರೂ ಎರಡು ಕಡೆಯಿಂದ ತಳಪಾಯದ ಗುಂಡಿಯ ಅಂಚಿನವರೆಗೆ ಸರಿದರು. ಅಲ್ಲಿ ಕಲ್ಲಿನ ಸಂದಿಯಲ್ಲಿ ನಾಲ್ಕು ಎಲೆಯ ಒಂದು ಗಿಡ ಎದ್ದಿತ್ತು. ಅಕ್ಕ ಮುಟ್ಟಲಿಲ್ಲ, ಬೆರಳು ಚಾಚಿ ತೋರಿಸಿದಳು.

“ಇದು ರೀ?”

ಭಾವ ಮಂಡಿಯೂರಿ, ಮುಖವನ್ನು ಮಣ್ಣಿಗೆ ತಾಗುವಷ್ಟು ಬಗ್ಗಿಸಿ, ಎಲೆಯನ್ನು ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು.

“ಚೀಲದ ಬಾಯಿ ಅಗಲ ಹಿಡಿ,” ಎಂದರು.

ಅಕ್ಕ ಹಿಡಿದಳು.